ಊರು ನಗರವಾಗುವ ಮೊದಲು: ನೀರಿನ ದಾರಿಯಿಂದ ಶುರುವಾಗಬೇಕಾದ ನಕ್ಷೆ

ಬಯಲುಸೀಮೆಯ ಯಾವ ತಾಲ್ಲೂಕು ಕೇಂದ್ರದ ಅಂಚಿಗೆ ಹೋದರೂ ಈಗ ಕಾಣುವುದು ಒಂದೇ ನೋಟ: ರಾಗಿ ಹೊಲವಿದ್ದ ಜಾಗದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು, ರೋಲರ್ ಹೊಡೆದ ಕೆಮ್ಮಣ್ಣಿನ ರಸ್ತೆ, ಹೆದ್ದಾರಿಗೆ ಮುಖ ಮಾಡಿ ನಿಂತ ಬಡಾವಣೆಯ ಕಮಾನು. ಮೊದಲು ಸೈಟು ಬರುತ್ತದೆ, ಆಮೇಲೆ ರಸ್ತೆ, ಮನೆಗಳೆದ್ದ ಮೇಲೆ ಚರಂಡಿ, ಎಲ್ಲಕ್ಕೂ ಕೊನೆಗೆ ಕುಡಿಯುವ ನೀರು ಎಲ್ಲಿಂದ ಎಂಬ ಪ್ರಶ್ನೆ. ಊರು ಬೆಳೆಯಬಾರದೆಂದು ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಮಕ್ಕಳ ಓದಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಹತ್ತಿರವಿರಬೇಕೆಂದು ಜನ ಬಂದೇ ಬರುತ್ತಾರೆ. ಬದಲಾಗಬೇಕಾದದ್ದು ಈ ಅನುಕ್ರಮ. ಎಲ್ಲಿ ಕಟ್ಟಬೇಕು ಎಂಬುದನ್ನು ತೀರ್ಮಾನಿಸುವ ಮೊದಲು ಎಲ್ಲಿ ಕಟ್ಟಬಾರದು ಎಂಬುದನ್ನು ತೀರ್ಮಾನಿಸಿ ನಕ್ಷೆಯ ಮೇಲೆ ಗೆರೆ ಎಳೆದುಬಿಟ್ಟರೆ ಉಳಿದ ಅರ್ಧ ಕೆಲಸ ತಾನಾಗಿ ಹಗುರಾಗುತ್ತದೆ. ಪುರಸಭೆ, ನಗರಸಭೆಗಳ ಸದಸ್ಯರು, ಯೋಜನಾ ಪ್ರಾಧಿಕಾರಗಳಲ್ಲಿ ಕೂರುವವರು ಮತ್ತು ನಿವಾಸಿಗಳ ಸಂಘ ನಡೆಸುವವರು ಆ ಗೆರೆಯನ್ನು ಹೇಗೆ ಎಳೆಯಬಹುದು, ಎಳೆದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಬೆಂಗಳೂರಿನಿಂದಲೇ ತೆಗೆದುಕೊಂಡಿದ್ದೇನೆ, ಏಕೆಂದರೆ ನಮ್ಮ ರಾಜ್ಯದ ಊರುಗಳು ಮುಂದೆ ಮಾಡಬಹುದಾದ ತಪ್ಪುಗಳಲ್ಲಿ ಬಹುಪಾಲನ್ನು ಆ ನಗರ ಆಗಲೇ ಮಾಡಿ ಮುಗಿಸಿದೆ.

ಗ್ರಾಮನಕ್ಷೆ ಹಿಡಿದು ನಡೆಯುವುದು

ಮೊದಲ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಊರಿನ ಮತ್ತು ಊರು ನುಂಗಲಿರುವ ಸುತ್ತಲಿನ ಹಳ್ಳಿಗಳ ಗ್ರಾಮನಕ್ಷೆಗಳನ್ನು ಸರ್ವೆ ಇಲಾಖೆಯಿಂದ ತರಿಸಿಕೊಂಡು, ಗಡಿಗೆ ಗಡಿ ಹೊಂದುವಂತೆ ಒಂದು ದೊಡ್ಡ ಹಾಳೆಯ ಮೇಲೆ ಜೋಡಿಸಿ. ಆ ನಕ್ಷೆಗಳಲ್ಲಿ ಕೆರೆ, ಕುಂಟೆ, ಹಳ್ಳ, ಗುಂಡುತೋಪು, ಗೋಮಾಳ, ಬಂಡಿದಾರಿ ಎಲ್ಲವೂ ಗುರುತಾಗಿರುತ್ತವೆ. ಸಾರ್ವಜನಿಕ ಉಪಯೋಗದ ಹಳ್ಳ, ದಾರಿ, ಕೆರೆಗಳ ಭಾಗವು ದಾಖಲೆಯಲ್ಲಿ ಬಿ ಖರಾಬು ಎಂದು ನಮೂದಾಗಿರುತ್ತದೆ. ಆ ಸರ್ವೆ ನಂಬರುಗಳನ್ನು ಬೇರೆ ಬಣ್ಣದಲ್ಲಿ ತುಂಬಿ. ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಆ್ಯಪ್ ಇರುವುದರಿಂದ ಕಾಗದವನ್ನು ನೆಲಕ್ಕೆ ತಾಳೆ ಹಾಕುವುದು ಈಗ ಮೊದಲಿನಷ್ಟು ಕಷ್ಟವಲ್ಲ.

ಆಮೇಲೆ ನಡೆಯಬೇಕು, ಅದೂ ಎರಡು ಬಾರಿ: ಏಪ್ರಿಲ್‌ನ ಬಿಸಿಲಿನಲ್ಲಿ ಒಮ್ಮೆ, ಮಳೆ ಜೋರಾಗಿರುವ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಮೇಲಿನ ಕೆರೆಯ ಕೋಡಿಯಿಂದ ಹೊರಟು ಕೆಳಗಿನ ಕೆರೆಗೆ ನೀರು ಬಂದು ಸೇರುವವರೆಗೆ ಹಳ್ಳದ ಜೊತೆಯಲ್ಲೇ ನಡೆಯಿರಿ. ಹಿಂದೆ ತೂಬು ತೆಗೆದು ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿಗಳ ಮನೆಯವರು ಯಾರಾದರೂ ಊರಿನಲ್ಲಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಒಮ್ಮೆ ಹೀಗೆ ನಡೆಯುವಾಗ, ನಕ್ಷೆಯಲ್ಲಿ ಸುಮಾರು ಇಪ್ಪತ್ತು ಅಡಿ ಅಗಲವಿದ್ದ ಹಳ್ಳವೊಂದು ಬಡಾವಣೆಯ ಕಾಂಪೌಂಡ್ ಗೋಡೆಯ ಹತ್ತಿರ ಇದ್ದಕ್ಕಿದ್ದಂತೆ ಕಾಣೆಯಾಯಿತು. ಗೋಡೆಯ ಬುಡದಲ್ಲಿ ಎರಡಡಿ ವ್ಯಾಸದ ಎರಡು ಸಿಮೆಂಟ್ ಪೈಪುಗಳಿದ್ದವು, ಅವುಗಳ ಬಾಯಿಯನ್ನು ಪ್ಲಾಸ್ಟಿಕ್ ಚೀಲಗಳು ಮುಚ್ಚಿದ್ದವು, ಗೋಡೆಯುದ್ದಕ್ಕೂ ಸೊಂಟದೆತ್ತರ ಜೊಂಡು ಬೆಳೆದಿತ್ತು. ಜೊತೆಯಲ್ಲಿದ್ದ ಅಜ್ಜ ಜೊಂಡನ್ನು ಕೋಲಿನಿಂದ ಸರಿಸಿ, "ಕೆರೆ ಕೋಡಿ ಬಿದ್ದ ವರ್ಷ ಈ ಗೋಡೆ ಉಳಿಯಾಕಿಲ್ಲ ಸ್ವಾಮಿ" ಎಂದರು. ಜೊಂಡು ಇದ್ದಲ್ಲಿ ನೀರು ಇನ್ನೂ ತನ್ನ ಹಳೆಯ ದಾರಿಯಲ್ಲೇ ಬರುತ್ತಿದೆ ಎಂದು ಅರ್ಥ. ಮನೆಗಳ ಗೋಡೆಯ ಮೇಲಿನ ನೀರಿನ ಕಲೆಯನ್ನೂ ಅಳತೆಪಟ್ಟಿಯಿಂದ ಅಳೆದು ನಕ್ಷೆಯಲ್ಲಿ ಬರೆದುಕೊಳ್ಳಿ; ಯಾವ ಸಲಹಾ ಸಂಸ್ಥೆಯ ವರದಿಯಲ್ಲೂ ಸಿಗದ ಮಾಹಿತಿ ಅದು.

ಒಂದು ಲೆಕ್ಕವನ್ನು ಎಲ್ಲ ಸದಸ್ಯರೂ ಸ್ವತಃ ಮಾಡಿ ನೋಡಬೇಕು. 100 ಹೆಕ್ಟೇರ್, ಅಂದರೆ ಸುಮಾರು 247 ಎಕರೆ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಅದೇ ಜಾಗ ಹೊಲವಾಗಿದ್ದಾಗ ಐದನೇ ಒಂದು ಭಾಗ ಹರಿದು ಹೋಗಿ ಉಳಿದದ್ದು ನೆಲಕ್ಕೆ ಇಂಗುತ್ತಿತ್ತೆಂದು ಇಟ್ಟುಕೊಂಡರೆ ಹಳ್ಳಕ್ಕೆ ಬರುತ್ತಿದ್ದದ್ದು 1 ಕೋಟಿ ಲೀಟರ್. ಹೊಲ ಹೋಗಿ ಮಾಳಿಗೆ, ಡಾಂಬರು, ಕಾಂಕ್ರೀಟು ಬಂದ ಮೇಲೆ ನೂರಕ್ಕೆ ಎಂಬತ್ತರಷ್ಟು ಹರಿದೇ ಹೋಗುತ್ತದೆ, ಅಂದರೆ 4 ಕೋಟಿ ಲೀಟರ್, ಅದೂ ಮೊದಲಿಗಿಂತ ಬೇಗ. ನಾಲ್ಕು ಪಟ್ಟು ನೀರು ಬರುವ ಕಾಲಕ್ಕೆ ಸರಿಯಾಗಿ ನಾವು ಹಳ್ಳವನ್ನು ನಾಲ್ಕನೇ ಒಂದು ಭಾಗಕ್ಕೆ ಕಿರಿದು ಮಾಡುತ್ತಿರುತ್ತೇವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಗಿ ಬಂದದ್ದರ ಹಿಂದೆ ಇರುವುದೂ ಇಷ್ಟೇ ಲೆಕ್ಕ.

ಕಟ್ಟಬಾರದ ಜಾಗದ ಗೆರೆ

ಕೆರೆ ತುಂಬಿ ಕೋಡಿ ಬೀಳುವ ಮಟ್ಟದಲ್ಲಿ ನೀರು ಎಲ್ಲಿಯವರೆಗೆ ಹರಡುತ್ತದೆಯೋ ಅಲ್ಲಿಯವರೆಗಿನದು ಕೆರೆ. ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಬಯಲೂ ಅದರೊಳಗೇ ಬರುತ್ತದೆ. ಅದರ ಸುತ್ತ ಮತ್ತು ಹಳ್ಳಗಳ ಎರಡೂ ಬದಿ ಎಷ್ಟು ಜಾಗ ಬಿಡಬೇಕೆಂಬುದು ನಮ್ಮಲ್ಲಿ ಬಹುಕಾಲದ ಜಗಳ. ಬೆಂಗಳೂರಿನ 'ಪರಿಷ್ಕೃತ ಮಹಾಯೋಜನೆ 2015', ಅಂದರೆ ನಗರದ ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ಅಧಿಕೃತ ಯೋಜನೆ, ಕೆರೆಗೆ 30 ಮೀಟರ್, ಮೊದಲ, ಎರಡನೇ ಮತ್ತು ಮೂರನೇ ಹಂತದ ರಾಜಕಾಲುವೆಗಳಿಗೆ (ಮಳೆನೀರು ಹರಿಯುವ ಕಾಲುವೆಗಳಿಗೆ) ಕ್ರಮವಾಗಿ 50, 25 ಮತ್ತು 15 ಮೀಟರ್ ಎಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ನಿಮ್ಮ ಊರಿಗೆ ಅನ್ವಯವಾಗುವ ಇಂದಿನ ನಿಯಮ ಯಾವುದೆಂದು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿಯೇ ಪಡೆದುಕೊಳ್ಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕಾನೂನು ಹೇಳುವುದು ಕನಿಷ್ಠ ಅಳತೆ. ಕೋಡಿಯ ಕೆಳಗೆ ನೀರು ಹರವಾಗಿ ಹರಿಯುವ ಇಳಿಜಾರಿನಲ್ಲಿ 15 ಮೀಟರ್ ಯಾವುದಕ್ಕೂ ಸಾಲದು; ಬಂಡೆಯ ನಡುವೆ ಆಳಕ್ಕಿಳಿದು ಹರಿಯುವ ಹಳ್ಳಕ್ಕೆ ಅದೇ ಧಾರಾಳವಾಯಿತು. ಗೋಡೆಯ ಮೇಲಿನ ಆ ಕಲೆಗಳು ಕೆಲಸಕ್ಕೆ ಬರುವುದು ಇಲ್ಲೇ.

ಗೆರೆಯೊಳಗೆ ಖಾಸಗಿ ಜಮೀನು ಸಿಕ್ಕಿಕೊಳ್ಳುವುದು ನಿಜವಾದ ತೊಡಕು, ಅದನ್ನು ಬಾಯಿಮಾತಿನಲ್ಲಿ ಹಾರಿಸಿಬಿಡಲಾಗದು. ಎರಡು ಎಕರೆಯ ರೈತನಿಗೆ ಒಂದು ಎಕರೆ ಹಸಿರು ಪಟ್ಟಿಯೊಳಗೆ ಹೋಯಿತೆಂದು ಹೇಳಿ ಕೈತೊಳೆದುಕೊಂಡರೆ ಆತ ರಾತ್ರೋರಾತ್ರಿ ಮಣ್ಣು ತುಂಬಿಸುವುದು ಸಹಜ. ಬಡಾವಣೆ ಮಾಡುವವರು ಉದ್ಯಾನಕ್ಕೂ ಬಯಲಿಗೂ ಕಾನೂನಿನಂತೆ ಬಿಡಲೇಬೇಕಾದ ಪಾಲಿದೆಯಲ್ಲ, ಆ ಪಾಲನ್ನು ಹಳ್ಳದ ಪಕ್ಕದಲ್ಲೇ ಬಿಡಬೇಕೆಂದು ನಕ್ಷೆಗೆ ಮಂಜೂರಾತಿ ಕೊಡುವಾಗ ಷರತ್ತು ಹಾಕುವುದು ಅತ್ಯಂತ ಅಗ್ಗದ ಉಪಾಯ. ಈಗ ಪಾರ್ಕು ಎಂದರೆ ಸೈಟು ಮಾಡಲು ಬಾರದ ಮೂರುಮೂಲೆಯ ತುಣುಕು, ಇಲ್ಲವೇ ಹೈಟೆನ್ಷನ್ ತಂತಿಯ ಕೆಳಗಿನ ಜಾಗ ಎಂದಾಗಿದೆ. ಒಂದರ ಪಕ್ಕ ಒಂದು ಬರುವ ಹತ್ತು ಬಡಾವಣೆಗಳ ಪಾರ್ಕುಗಳು ಒಂದೇ ಹಳ್ಳದ ಉದ್ದಕ್ಕೆ ಜೋಡಣೆಯಾದರೆ ಊರಿಗೆ ಮೂರು ನಾಲ್ಕು ಕಿಲೋಮೀಟರ್ ಉದ್ದದ, ನೆರಳಿನ ಕಾಲುದಾರಿಯೇ ಸಿಕ್ಕಿಬಿಡುತ್ತದೆ. ಅದಕ್ಕೂ ಮೀರಿ ಜಾಗ ಬೇಕಾದಲ್ಲಿ, ಬಿಟ್ಟ ಜಮೀನಿಗೆ ಬದಲಾಗಿ ಬೇರೆಡೆ ಹೆಚ್ಚು ಮಹಡಿ ಕಟ್ಟಿಕೊಳ್ಳುವ ಅಥವಾ ಮಾರಿಕೊಳ್ಳುವ ಹಕ್ಕು ಕೊಡುವುದು ಇನ್ನೊಂದು ದಾರಿ. ಆ ಹಕ್ಕಿಗೆ ಊರಿನಲ್ಲಿ ಕೊಳ್ಳುವವರಿರಬೇಕು ಎಂಬುದನ್ನು ಮಾತ್ರ ಮೊದಲೇ ಯೋಚಿಸಿ.

ಹಳ್ಳವನ್ನು ಹಳ್ಳವಾಗಿಯೇ ಉಳಿಸಿಕೊಳ್ಳಬೇಕು. ಎರಡೂ ಬದಿ ಆಳೆತ್ತರದ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್ ಹಾಕಿಸುವುದು ಬಿಲ್ಲು ಮಾಡಲು ಅನುಕೂಲವೇ ಹೊರತು ನೀರಿಗೆ ಅನುಕೂಲವಲ್ಲ. ನೀರು ರಭಸವಾಗಿ ಓಡಿ, ತೊಂದರೆ ಕೆಳಗಿನ ಬಡಾವಣೆಗೆ ವರ್ಗವಾಗುತ್ತದೆ. ದಂಡೆಯನ್ನು ಇಳಿಜಾರಾಗಿ ಬಿಟ್ಟು, ಮಣ್ಣು ಹಿಡಿಯುವ ಲಾವಂಚ ಹಾಕಿ, ಮೇಲೆ ಹೊಂಗೆ, ನೇರಳೆ, ಅತ್ತಿ ನೆಟ್ಟರೆ ಸಾಕು. ಗೋಡೆ ಬೇಕಾಗುವುದು ಮನೆಗಳು ಈಗಾಗಲೇ ಅಂಚಿಗೆ ಬಂದುಬಿಟ್ಟಿರುವ ಕಡೆ ಮಾತ್ರ.

ಬೈಪಾಸ್ ರಸ್ತೆಯ ವಿಚಾರವೂ ಇಲ್ಲೇ ಬರಬೇಕು, ಏಕೆಂದರೆ ಬಯಲಿನಲ್ಲಿ ಎಂಟು ಹತ್ತು ಅಡಿ ಎತ್ತರಕ್ಕೆ ಮಣ್ಣು ಹಾಕಿ ಮಾಡಿದ ವರ್ತುಲ ರಸ್ತೆ ಎಂದರೆ ಊರಿನ ಸುತ್ತ ಕಟ್ಟಿದ ಕೆರೆ ಏರಿಯೇ. ಹಳ್ಳ ದಾಟುವ ಪ್ರತಿ ಜಾಗದಲ್ಲೂ ಮೋರಿಯ ಅಗಲವನ್ನು ಇಂದಿನ ಹೊಲದ ನೀರಿಗೆ ಲೆಕ್ಕ ಹಾಕಿದ್ದಾರೋ, ಇಪ್ಪತ್ತು ವರ್ಷಗಳ ನಂತರದ ಮಾಳಿಗೆಗಳ ನೀರಿಗೆ ಲೆಕ್ಕ ಹಾಕಿದ್ದಾರೋ ಎಂದು ಎಂಜಿನಿಯರರನ್ನು ಕೇಳಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ಬರುವ ನೀರು, ಹೋಗುವ ನೀರು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಬೆಂಗಳೂರಿನ ಮಳೆನೀರು ಒಂದು ಕಡೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೂ ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ. ದೊಡ್ಡ ನದಿಯಿಲ್ಲದ ಆ ಜಾಗದಲ್ಲಿ ಊರು ನಿಂತದ್ದು ಕೆರೆಗಳ ಆಸರೆಯಲ್ಲಿ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. ಆಮೇಲೆ ಅರ್ಕಾವತಿಯ ಜಲಾನಯನ ಪ್ರದೇಶದ ಹಳ್ಳಗಳು ಮುಚ್ಚಿ, ನೀಲಗಿರಿ ತೋಪು ಮತ್ತು ಕೊಳವೆಬಾವಿಗಳು ಹೆಚ್ಚಿದಂತೆ ಆ ಎರಡೂ ಮೂಲಗಳು ಸೊರಗಿದವು. ಊರೊಳಗೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ, ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳವಷ್ಟೇ ಉಳಿಯಿತು. ಈಗ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಲಾಗುತ್ತದೆ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದು ನಿಂತರು. ಅದೇ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ರಾಜಧಾನಿಗೆ ಅಷ್ಟು ದೂರದಿಂದ ನೀರು ತರಲು ಹಣ ಸಿಗುತ್ತದೆ. ನಿಮ್ಮ ಪುರಸಭೆಗೆ ಸಿಗುತ್ತದೆಯೇ ಎಂದು ಕೇಳಿಕೊಂಡು ಮುಂದುವರಿಯಿರಿ.

ಮನೆಯ ಮಟ್ಟದ ಲೆಕ್ಕ ಹೀಗಿದೆ. 30×40ರ ಸೈಟು ಎಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾಗುವ ಊರಿನಲ್ಲೂ ಆ ಒಂದು ಸೈಟಿನ ಮೇಲೆ 77 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ, ಅಂದರೆ ಆರು ಸಾವಿರ ಲೀಟರಿನ ಹನ್ನೆರಡು ಟ್ಯಾಂಕರುಗಳಿಗಿಂತ ಹೆಚ್ಚು. ಬೆಂಗಳೂರಿನಲ್ಲಿ 2009ರಿಂದ ಮಳೆಕೊಯ್ಲು ಕಡ್ಡಾಯವಾಗಿದ್ದರೂ ಎಷ್ಟೋ ಮನೆಗಳಲ್ಲಿ ಅದು ತಪಾಸಣೆಯ ದಿನದ ಪೈಪಾಗಿ ಉಳಿದಿದೆ. ಆದ್ದರಿಂದ ಮನೆಯವರ ಮೇಲಷ್ಟೇ ಹೊರೆ ಹಾಕದೆ, ರಸ್ತೆಬದಿಯ ಮಳೆನೀರು ಚರಂಡಿಯಲ್ಲೇ ನೂರು ನೂರೈವತ್ತು ಅಡಿಗೆ ಒಂದರಂತೆ ಇಂಗುಬಾವಿ ತೆಗೆಸುವುದು ಹೆಚ್ಚು ಫಲ ಕೊಡುತ್ತದೆ. ಮೂರಡಿ ವ್ಯಾಸ, ಇಪ್ಪತ್ತಡಿ ಆಳ, ಪಕ್ಕದಲ್ಲಿ ತೂತಿರುವ ಸಿಮೆಂಟ್ ರಿಂಗುಗಳು, ಬಾಯಿಗೆ ಕಬ್ಬಿಣದ ಜಾಲರಿ, ಅದಕ್ಕೆ ಮೊದಲು ಹೂಳು ನಿಲ್ಲುವ ಒಂದು ಚಿಕ್ಕ ತೊಟ್ಟಿ. ಆ ತೊಟ್ಟಿಯನ್ನು ವರ್ಷಕ್ಕೆ ಎರಡು ಬಾರಿ ತೆಗೆಸದಿದ್ದರೆ ಬಾವಿ ಮೂರನೇ ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ಒಳಚರಂಡಿಯ ನೀರು ಸೇರುವ ಚರಂಡಿಯಲ್ಲಿ ಮಾತ್ರ ಇಂಗುಬಾವಿ ತೆಗೆಯಲೇಬಾರದು. ಊರಿನ ಅಂತರ್ಜಲವನ್ನೇ ಕೆಡಿಸಿದಂತಾಗುತ್ತದೆ.

ಹೋಗುವ ನೀರಿನ ಲೆಕ್ಕವನ್ನು ಬಹಳ ಊರುಗಳು ಮಾಡುವುದೇ ಇಲ್ಲ. ತಲಾ 135 ಲೀಟರಿನಂತೆ ಒಂದು ಲಕ್ಷ ಜನಕ್ಕೆ ದಿನಕ್ಕೆ 1.35 ಕೋಟಿ ಲೀಟರ್ ಕೊಟ್ಟರೆ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು, ಅಂದರೆ 1 ಕೋಟಿ ಲೀಟರಿಗೂ ಹೆಚ್ಚು, ಕೊಳೆನೀರಾಗಿ ಹೊರಗೆ ಬರುತ್ತದೆ. ಅದಕ್ಕೆ ದಾರಿ ಮಾಡದಿದ್ದರೆ ಅದು ತಾನೇ ಕೆರೆಯ ದಾರಿ ಹುಡುಕಿಕೊಳ್ಳುತ್ತದೆ; ಬೆಳ್ಳಂದೂರು ಕೆರೆಯ ಮೇಲೆ ನೊರೆ ಎದ್ದು, ಕೆಲವೊಮ್ಮೆ ಬೆಂಕಿಯೂ ಹತ್ತಿಕೊಂಡದ್ದನ್ನು ನಾಡೆಲ್ಲ ನೋಡಿದೆ. ಅದೇ ನಗರದ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು, ಆಪು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಆಮೇಲೆ ಕೆರೆಗೆ ಇಳಿಯುವ ವ್ಯವಸ್ಥೆಯಿದೆ. ಸಣ್ಣ ಊರುಗಳಿಗೆ ನಾನು ಸೂಚಿಸುವುದು ಈ ಜೋಡಣೆಯನ್ನೇ. ನಕ್ಷೆ ಬರೆಯುವಾಗಲೇ ಪ್ರತಿ ಕಣಿವೆಯ ತಗ್ಗಿನಲ್ಲಿ ಶುದ್ಧೀಕರಣ ಘಟಕಕ್ಕೂ ಅದರ ಕೆಳಗಿನ ಜೌಗಿಗೂ ಜಾಗ ಕಾದಿರಿಸಬೇಕು. ಮನೆಗಳು ಬಂದ ಮೇಲೆ ಕೇಳಿದರೆ ನಮ್ಮ ಮನೆ ಮುಂದೆ ಬೇಡ ಎಂಬ ಮನವಿಪತ್ರವೇ ಮೊದಲು ಬರುತ್ತದೆ. ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೋರಮಂಗಲ ಚಲ್ಲಘಟ್ಟ ಕಣಿವೆ ಯೋಜನೆಯಿಂದ ಬರಡು ಕೆರೆಗಳು ತುಂಬಿದ್ದು ನಿಜ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದೂ ಬೇಕೇ ಎಂಬ ಅಲ್ಲಿನ ರೈತ ಹೋರಾಟಗಾರರ ಪ್ರಶ್ನೆಯೂ ಅಷ್ಟೇ ನಿಜ. ನೀರನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಎಷ್ಟು ಹಂತ ಬೇಕೆಂಬುದನ್ನು ನಿರ್ಧರಿಸಿ, ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಕಚೇರಿಯ ಫಲಕಕ್ಕೆ ಹಚ್ಚಿ.

ಉಳಿದ ಜಾಗದಲ್ಲಿ ಬೆಳೆಯುವುದು

ಗೆರೆ ಎಳೆದ ಮೇಲೆ ಉಳಿದ ಜಾಗದಲ್ಲಿ ಊರು ಒತ್ತಾಗಿ ಬೆಳೆಯಬೇಕು. ಪರಿಸರದ ಹೆಸರಿನಲ್ಲಿ ಎಲ್ಲೆಡೆಯೂ ಎರಡೇ ಮಹಡಿ, ಎಲ್ಲರಿಗೂ ಸ್ವಂತ ಸೈಟು ಎಂದು ಹಟ ಹಿಡಿದರೆ ಊರು ಹತ್ತು ಕಿಲೋಮೀಟರ್ ಹರಡಿ, ಪ್ರತಿ ಮನೆಗೂ ಎರಡು ಬೈಕು ಬೇಕಾಗುತ್ತದೆ, ಪೈಪಿನ ಉದ್ದಕ್ಕೂ ಕೊನೆಯಿರುವುದಿಲ್ಲ. ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹತ್ತು ನಿಮಿಷ ನಡೆಯುವ ಅಳತೆಯೊಳಗೆ ನಾಲ್ಕೈದು ಮಹಡಿಗೆ, ನೆಲಮಹಡಿಯಲ್ಲಿ ಅಂಗಡಿಗೆ ಅವಕಾಶ ಕೊಡಿ. ನಿಲ್ದಾಣದಿಂದ ದೂರ ಹೋದಂತೆ ಅದನ್ನು ಇಳಿಸಿ. ಖಾಲಿ ಬಿದ್ದಿರುವ ಹಳೆಯ ಬಡಾವಣೆಯ ಸೈಟುಗಳು ಅರ್ಧದಷ್ಟಾದರೂ ತುಂಬುವವರೆಗೆ ಅದೇ ದಿಕ್ಕಿನಲ್ಲಿ ಹೊಸ ಭೂಪರಿವರ್ತನೆಗೆ ಶಿಫಾರಸು ಮಾಡದಿರುವುದು ಕಠಿಣವಾಗಿ ಕಂಡರೂ, ಅಲ್ಲಿಗೆ ನೀರು, ದೀಪ, ಕಸದ ಗಾಡಿ ಕಳಿಸಬೇಕಾದ ಪುರಸಭೆಗೆ ಅದೇ ರಕ್ಷಣೆ.

ಬಸ್ಸು ಜನರಿಗಿಂತ ಮೊದಲು ಹೋಗಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿಗಳು ಮೊದಲು ಬಂದವು, ಮೆಟ್ರೊ ಕಾಮಗಾರಿ ಎಷ್ಟೋ ವರ್ಷಗಳ ಮೇಲೆ ಬಂತು. ಅಷ್ಟರಲ್ಲಿ ಕಾರಿನ ಅಭ್ಯಾಸ ಗಟ್ಟಿಯಾಗಿತ್ತು. ಹುಬ್ಬಳ್ಳಿ ಧಾರವಾಡದ ನಡುವೆ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸುಗಳು ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಬಸ್ಸಿಗೇ ಮೀಸಲಾದ ಪಥವನ್ನು ನಮ್ಮ ರಾಜ್ಯದಲ್ಲೂ ಮಾಡಬಹುದೆಂದು ತೋರಿಸಿವೆ, ರಸ್ತೆ ದಾಟುವವರ ಮತ್ತು ಅಂಗಡಿಯವರ ತಕರಾರುಗಳ ಸಮೇತ.

ಬಡಾವಣೆಯ ನಲವತ್ತಡಿ ರಸ್ತೆಯನ್ನು ಹೀಗೆ ಹಂಚಿ ನೋಡಿ: ಎರಡು ಬದಿ ಆರಾರು ಅಡಿ ಪಾದಚಾರಿ ದಾರಿ, ಅದರ ಪಕ್ಕ ಮೂರು ಮೂರು ಅಡಿ ಮರಗಳಿಗೆ, ನಡುವೆ ಉಳಿದ ಇಪ್ಪತ್ತೆರಡು ಅಡಿ ವಾಹನಗಳಿಗೆ. ನೀರಿನ ಪೈಪು, ಕೇಬಲ್ಲುಗಳು ಪಾದಚಾರಿ ದಾರಿಯ ಕೆಳಗೆ, ತೆಗೆಯಬಹುದಾದ ಚಪ್ಪಡಿಯಡಿ ಇದ್ದರೆ ಡಾಂಬರನ್ನು ವರ್ಷಕ್ಕೆರಡು ಬಾರಿ ಅಗೆಯುವ ಕೆಲಸ ತಪ್ಪುತ್ತದೆ. ವಿದ್ಯುತ್ ತಂತಿ ಒಂದು ಬದಿಯಲ್ಲಿ ಮಾತ್ರ ಹೋಗಲಿ, ಎತ್ತರದ ಮರಗಳು ಇನ್ನೊಂದು ಬದಿಯಲ್ಲಿರಲಿ. ಮರದ ಬುಡದವರೆಗೂ ಕಾಂಕ್ರೀಟ್ ಸುರಿಯುವ ಗುತ್ತಿಗೆದಾರರಿಗೆ ಆ ಭಾಗದ ಬಿಲ್ಲು ಪಾಸು ಮಾಡಬಾರದು, ಬೇರೆ ಭಾಷೆ ಅವರಿಗೆ ಅರ್ಥವಾಗದು.

ಕಸಕ್ಕೆ ಪ್ರತಿ ವಾರ್ಡಿನಲ್ಲೂ ಒಣಕಸ ಸಂಗ್ರಹ ಕೇಂದ್ರಕ್ಕೂ ಗೊಬ್ಬರದ ಅಂಗಳಕ್ಕೂ ಜಾಗ ಬೇಕು. ಊರ ಹೊರಗೆ ಎಲ್ಲೋ ಸುರಿಯುವ ಯೋಜನೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮಂಡೂರಿನ ಗ್ರಾಮಸ್ಥರು ಹೋರಾಡಿ 2014ರಲ್ಲಿ ಬೆಂಗಳೂರಿನ ಲಾರಿಗಳನ್ನು ನಿಲ್ಲಿಸಿದ್ದೇ ಸಾಕ್ಷಿ.

ಗೆರೆಗೆ ಬಲ ಬರುವುದು

ಇಷ್ಟೆಲ್ಲ ಸಿದ್ಧವಾದ ಹಾಳೆ ಬೀರುವಿನಲ್ಲಿದ್ದರೆ ಏನೂ ಆಗುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಸಿದ್ಧವಾಗುವ ಮಹಾಯೋಜನೆಯೊಳಗೆ ಅದು ಸೇರಬೇಕು. ಕರಡು ಪ್ರಕಟವಾದಾಗ ಗಡುವಿನೊಳಗೆ ಸರ್ವೆ ನಂಬರು, ಗ್ರಾಮನಕ್ಷೆಯ ಪ್ರತಿ, ಮಳೆಗಾಲದ ಫೋಟೊಗಳ ಸಮೇತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕೆರೆ ಉಳಿಸಿ ಎಂಬ ನೂರು ಸಹಿಯ ಮನವಿಗಿಂತ, ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ಬಿ ಖರಾಬು ಹಳ್ಳವನ್ನು ಕರಡಿನಲ್ಲಿ ವಸತಿ ಬಣ್ಣದಲ್ಲಿ ತೋರಿಸಲಾಗಿದೆ ಎಂಬ ಒಂದು ಸಾಲಿಗೆ ತೂಕ ಹೆಚ್ಚು. ನೆಲದ ಮೇಲೆಯೂ ಗೆರೆ ಕಾಣಬೇಕು: ಸರ್ವೆ ಮಾಡಿಸಿ, ಐವತ್ತು ಮೀಟರಿಗೆ ಒಂದರಂತೆ ಕಲ್ಲು ನೆಡಿಸಿ, ಪ್ರತಿ ಕಲ್ಲಿಗೂ ಸಂಖ್ಯೆ ಕೊಟ್ಟು ಪಟ್ಟಿಯನ್ನು ಕಚೇರಿಯಲ್ಲಿಡಿ.

ಕೊನೆಗೆ ಒಂದು ರಿಜಿಸ್ಟರು ಬೇಕು. ಕೆರೆಯ ತೂಬಿನ ಕಲ್ಲಿಗೆ ಅಡಿ ಅಂಗುಲಗಳ ಗುರುತು ಬಳಿಸಿ, ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಬರೆಯಿರಿ. ವಾರ್ಡಿಗೆ ಎರಡರಂತೆ ತೆರೆದ ಬಾವಿಗಳನ್ನು ಆರಿಸಿ ಏಪ್ರಿಲ್ ಮತ್ತು ನವೆಂಬರ್‌ನಲ್ಲಿ ಆಳ ಅಳೆಯಿರಿ. ಪ್ರತಿ ಮೇ ತಿಂಗಳ ಮೊದಲ ವಾರ ಎಲ್ಲ ಮೋರಿಗಳ ಬಾಯಿಯನ್ನೂ ನೋಡಿ, ಹೂಳು ತೆಗೆಸಿದ ದಿನಾಂಕ ಮತ್ತು ತೆಗೆದ ಹೂಳನ್ನು ಎಲ್ಲಿಗೆ ಸಾಗಿಸಿದರು ಎಂಬುದನ್ನು ನಮೂದಿಸಿ, ಏಕೆಂದರೆ ದಂಡೆಯ ಮೇಲೆಯೇ ಬಿಟ್ಟ ಹೂಳು ಮೊದಲ ಮಳೆಗೇ ಮತ್ತೆ ಒಳಗೆ ಇಳಿಯುತ್ತದೆ.